ದುಗ್ಗಮ್ಮ ಹಿಂದಕ್ಕೆ ತೆಗೆದುಕೊಂಡ ಮಾತು

ದುಗ್ಗಮ್ಮ ನಮ್ಮ ಶಾಲೆಯ ಮುಂದಿನ ರಸ್ತೆಯನ್ನು ಹದಿಮೂರು ವರ್ಷ ರಿಪೇರಿ ಮಾಡಿದಳು. ರಸ್ತೆ ರಿಪೇರಿಯಾಯಿತೇ ಎಂದು ಮಾತ್ರ ಕೇಳಬೇಡಿ. ಹುಲಿಕಲ್ ಘಾಟಿಯಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ರಸ್ತೆ ಉಳಿಯುವುದು ಸರ್ಕಾರದ ನಕಾಶೆಯಲ್ಲಿ ಮಾತ್ರ. ಧರೆ ಕುಸಿದು ದಾರಿಗೆ ಬೀಳುತ್ತದೆ, ಚರಂಡಿ ಹೂತು ಹೋಗುತ್ತದೆ, ಹಾಕಿದ ಜಲ್ಲಿ ಕೊಚ್ಚಿಕೊಂಡು ಘಟ್ಟದ ಕೆಳಗಿನವರ ಪಾಲಾಗುತ್ತದೆ. ಅಕ್ಟೋಬರು ಬಂತೆಂದರೆ ಗ್ಯಾಂಗಿನ ಆರು ಜನ ಸಲಿಕೆ, ಬಾಂಡ್ಲಿ ಹಿಡಿದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಅವರಲ್ಲಿ ಹೆಂಗಸು ಇವಳೊಬ್ಬಳೇ.

ಆ ಕೆಲಸ ಮೊದಲು ಅವಳ ಗಂಡ ಕನ್ನಪ್ಪನದು. ಎಪ್ಪತ್ತನಾಲ್ಕರ ಆಗಸ್ಟಿನಲ್ಲಿ ಎರಡನೇ ತಿರುವಿನ ಧರೆ ಅವನ ಮೇಲೇ ಕುಸಿಯಿತು. ಗಂಡನ ಕೆಲಸ ಹೆಂಡತಿಗೆ ಬಂತು. ಗಂಡನ ಸಲಿಕೆಯೂ ಬಂತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳು ಯಾರ ಜೊತೆಗೂ ಮಾತಾಡುತ್ತಿರಲಿಲ್ಲವಂತೆ. ಎರಡನೇ ವರ್ಷದಿಂದ ಬಾಯಿ ಬಿಟ್ಟಳು ನೋಡಿ, ಆಮೇಲೆ ಮುಚ್ಚಿದ್ದೇ ಇಲ್ಲ. ತಿರುವಿನಲ್ಲಿ ಜೋರಾಗಿ ಬಂದ ಬಸ್ಸಿನ ಡ್ರೈವರನಿಗೆ ಅವನ ತಾತನ ಕಾಲದಿಂದ ಹಿಡಿದು ಬೈಯುತ್ತಿದ್ದಳು. ಕುಂದಾಪುರದ ಡ್ರೈವರುಗಳು ಘಾಟಿ ಹತ್ತುವಾಗ ದೇವರಿಗೆ ಕೈ ಮುಗಿದು, ದುಗ್ಗಮ್ಮ ಕಂಡಲ್ಲಿ ಬ್ರೇಕು ತುಳಿಯುತ್ತಿದ್ದರು.

ಆದರೆ ಅವಳ ಬೈಗುಳದಲ್ಲಿ ವಿಷ ಇರಲಿಲ್ಲ. ಬೈದವರಿಗೇ ಅರ್ಧ ಗಂಟೆಯಲ್ಲಿ ಎಲೆ ಅಡಿಕೆ ಕೊಡುತ್ತಿದ್ದಳು. ಹಾಗಾಗಿ ಅವಳು ಏನಂದರೂ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಅವಳೂ ಹಚ್ಚಿಕೊಳ್ಳುತ್ತಿರಲಿಲ್ಲ, ಎಂಬತ್ತೇಳರ ದೀಪಾವಳಿಯವರೆಗೆ.

ಅವಳಿಗೆ ಒಬ್ಬನೇ ಮಗ, ಧರ್ಮಪ್ಪ. ನನ್ನ ಶಿಷ್ಯ. ಅವ್ವನ ಬಾಯಿಯ ಪಾಲೆಲ್ಲ ಅವ್ವನಿಗೇ ಖರ್ಚಾಗಿ ಹುಡುಗನಿಗೆ ಏನೂ ಉಳಿದಿರಲಿಲ್ಲ. ಮೂರು ಸಲ ಕೇಳಿದರೆ ಒಂದು ಉತ್ತರ. ಲೆಕ್ಕ ತಪ್ಪಿದಾಗ ನಾನು ಕೊಟ್ಟ ಏಟಿಗೂ ಅವನು ತುಟಿ ಬಿಚ್ಚಿದವನಲ್ಲ. ಎಂಬತ್ತೆರಡರಲ್ಲಿ ಶಿವಮೊಗ್ಗದಲ್ಲಿ ಮಿಲಿಟರಿಗೆ ಆಳು ತೆಗೆದುಕೊಂಡಾಗ ಹೋಗಿ ನಿಂತ, ಸೇರಿಯೇ ಬಿಟ್ಟ. ಮೂರು ದಿನ ದುಗ್ಗಮ್ಮ ಒಲೆ ಹಚ್ಚಲಿಲ್ಲ. ನಾಲ್ಕನೇ ದಿನ, "ಹೋಗು ಮಾರಾಯ, ಇಲ್ಲಿದ್ರೆ ನಿಂಗೂ ಇದೇ ಸಲಿಕೆ" ಎಂದು ತಾನೇ ಟ್ರಂಕು ತುಂಬಿಸಿ ಕಳಿಸಿದಳು.

ಆಮೇಲಿನಿಂದ ಅವನ ಕಾಗದ ನನ್ನ ಶಾಲೆಯ ವಿಳಾಸಕ್ಕೆ ಬರುತ್ತಿತ್ತು. ದುಗ್ಗಮ್ಮನಿಗೆ ಓದು ಬಾರದು. ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಅವಳು ಟಾರು ಮೆತ್ತಿದ ಕೈಯನ್ನು ಸೆರಗಿಗೆ ಒರೆಸುತ್ತ ಬಂದು ಜಗಲಿಯಲ್ಲಿ ಕೂರುವುದು, ನಾನು ಓದುವುದು. ಓದಲು ಹೆಚ್ಚೇನೂ ಇರುತ್ತಿರಲಿಲ್ಲ. "ನಾನು ಕ್ಷೇಮ. ನೀನೂ ಕ್ಷೇಮ ಎಂದು ನಂಬಿದ್ದೇನೆ. ಚಳಿ ಇದೆ." ಇಷ್ಟನ್ನೇ ಅವಳು ಎರಡೆರಡು ಸಲ ಓದಿಸುತ್ತಿದ್ದಳು.

ಎಂಬತ್ತೇಳರ ಮೇ ತಿಂಗಳಲ್ಲಿ ಅವನ ಮದುವೆಯಾಯಿತು. ಹುಡುಗಿ ಶರಾವತಿ, ಎಸ್ಸೆಸ್ಸೆಲ್ಸಿ ಪಾಸು, ತುಮರಿಯ ವಾಸಪ್ಪನ ಮಗಳು. ಹಿನ್ನೀರಿನ ಆಚೆಯ ತುಮರಿಗೆ ಸಾಗರದಿಂದ ಹೋಗಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚು ಹತ್ತಬೇಕು. ಅದಕ್ಕೇ ನಮ್ಮ ಕಡೆಯವರ ಬಾಯಲ್ಲಿ ಆ ಸೀಮೆಗೆಲ್ಲ ಒಂದೇ ಹೆಸರು, ದ್ವೀಪ. "ಮಗಳನ್ನು ದ್ವೀಪಕ್ಕೆ ಕೊಟ್ಟಿದೀವಿ", "ದ್ವೀಪದ ಮೇಷ್ಟ್ರು ವರ್ಗ ಮಾಡಿಸ್ಕೊಂಡ್ರು", ಹೀಗೆ. ಭೂಗೋಳದಲ್ಲಿ ನಾನು ಮಕ್ಕಳಿಗೆ ಕಲಿಸುವ ದ್ವೀಪ ಪರೀಕ್ಷೆಗೆ. ಮಾತಿಗೆ ಇದೊಂದೇ ದ್ವೀಪ.

ದುಗ್ಗಮ್ಮನ ತವರು ಡ್ಯಾಮು ಕಟ್ಟಿದಾಗ ಮುಳುಗಿಹೋದ ಊರು. ಆ ನೀರು ದಾಟುವುದಿಲ್ಲವೆಂದು ಅವಳು ಹಟ ಹಿಡಿದಿದ್ದಳು. ಹೆಣ್ಣು ನೋಡಲೂ ಹೋಗಲಿಲ್ಲ. ವಾಸಪ್ಪನೇ ಮಗಳನ್ನು ಸಾಗರಕ್ಕೆ ಕರೆದುಕೊಂಡು ಬಂದು ತೋರಿಸಿದ. ಮದುವೆ ಹೊಸನಗರದಲ್ಲಿ ಮುಗಿಯಿತು. ಹನ್ನೆರಡು ದಿನ ಹೆಂಡತಿ ಜೊತೆಗಿದ್ದು ಧರ್ಮಪ್ಪ ಸಿಕಂದರಾಬಾದಿಗೆ ಹೊರಟುಹೋದ.

ಮೊದಲ ದೀಪಾವಳಿಗೆ ಹೊಸ ಅಳಿಯ ಹೆಂಡತಿಯ ತವರಿಗೆ ಹೋಗಬೇಕು. ಅತ್ತೆ ಮನೆಯಲ್ಲಿ ಎಣ್ಣೆ ನೀರು, ಹೊಸ ಪಂಚೆ, ಮೂರು ದಿನ ಉಪಚಾರ. ಇದು ದುಗ್ಗಮ್ಮನಿಗೆ ಗೊತ್ತಿಲ್ಲದ್ದಲ್ಲ. ಆದರೆ ಅವಳ ಮಗ ಐದು ವರ್ಷದಲ್ಲಿ ಒಂದು ಹಬ್ಬಕ್ಕೂ ಮನೆಯಲ್ಲಿರಲಿಲ್ಲ. ಅವಳು ನನ್ನ ಕೈಯಲ್ಲಿ ಬರೆಸಿದ್ದು ಹೀಗೆ: "ನೀರು ತುಂಬೋ ಹಬ್ಬ ನಮ್ಮನೇಲಿ ಆಗ್ಬೇಕು. ಪಾಡ್ಯಕ್ಕೆ ಬೇಕಾದ್ರೆ ಅಲ್ಲಿಗೆ ಹೋಗು. ರಜೆ ಹಾಕು." ಸೊಸೆ ಹಬ್ಬಕ್ಕೆಂದು ತಿಂಗಳು ಮೊದಲೇ ತವರಿಗೆ ಹೋಗಿದ್ದಳು.

ಅಕ್ಟೋಬರ್ ಹದಿನೇಳು, ಶನಿವಾರ, ಉತ್ತರ ಬಂತು. ಶನಿವಾರ ಬೆಳಗಿನ ಶಾಲೆ. ಮಕ್ಕಳನ್ನು ಮನೆಗೆ ಬಿಟ್ಟ ಮೇಲೆ, ಜಗಲಿಯಲ್ಲಿ ಕೂತಿದ್ದ ದುಗ್ಗಮ್ಮನಿಗೆ ಒಡೆದು ಓದಿದೆ.

"ಅವ್ವನಿಗೆ ನಮಸ್ಕಾರ. ನಾನು ಕ್ಷೇಮ. ರಜೆ ವಿಷಯ ನೀನು ಕೇಳಿದ್ದೆ. ನಾವು ನೀರು ದಾಟಿ ದ್ವೀಪಕ್ಕೆ ಬಂದಿದ್ದೇವೆ. ಹಬ್ಬಕ್ಕೆ ಮನೆಗೆ ಬರಲು ಆಗುವುದಿಲ್ಲ. ಬಂದ ದಿನ ಇಲ್ಲಿಯವರು ಹಾರ ಹಾಕಿ ಚೆನ್ನಾಗಿ ನೋಡಿಕೊಂಡರು. ತೆಂಗು, ಬಾಳೆ ಎಲ್ಲ ಇದೆ. ಮೀನು ಬೇಕಾದಷ್ಟು. ನೀನು ಬೇಜಾರು ಮಾಡಬೇಡ."

ಓದಿ ಮುಗಿಸಿದವನೇ ನಾನು, ಈ ಮಹಾ ಬುದ್ಧಿವಂತ, ಹಲ್ಲು ಕಿಸಿದೆ. "ಅಳಿಯಂದಿರು ಸೀದಾ ದ್ವೀಪಕ್ಕೇ ಹೋಗಿ ಕೂತಿದ್ದಾರಲ್ಲ ದುಗ್ಗಮ್ಮ! ಹಾರ ಬೇರೆ ಹಾಕಿದಾರಂತೆ!"

ತಮಾಷೆಗೆಂದು ಅಂದಿದ್ದು. ಅವಳ ಮುಖ ನೋಡಿದ ಮೇಲೆ ಬಾಯಿ ಮುಚ್ಚಿದೆ. ಎರಡನೇ ಸಲ ಓದಿ ಎಂದು ಅವಳು ಕೇಳಲಿಲ್ಲ. ಕಾಗದ ಕಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿ ಎದ್ದು ಹೋದಳು.

ಮನೆಯಲ್ಲಿ ನನ್ನ ಹೆಂಡತಿ ವಾಗ್ದೇವಿಗೆ ಹೇಳಿದೆ. ಅವಳು ದೋಸೆ ಹೊಯ್ಯುತ್ತಿದ್ದವಳು ಸಟ್ಟುಗ ಹಿಡಿದುಕೊಂಡೇ ಕೇಳಿದಳು. "ಹೆಂಡ್ತಿ ಹೆಸರು ಒಂದು ಸಲನೂ ಬರದ್ನಿಲ್ಲೆ. ಎಂತ ಓದಿದ್ರಿ ನಿಂಗ? ಸರಿ ನೋಡಿದ್ರಾ?"

"ಕಾಗದದಲ್ಲಿ ಎಲ್ಲವನ್ನೂ ಬರೆಯುವ ಹುಡುಗ ಅಲ್ಲ ಅವನು" ಎಂದೆ. ಮೂವತ್ತು ವರ್ಷ ಓದು ಕಲಿಸಿದವನಿಗೆ ಓದಲು ಬರುವುದಿಲ್ಲವೆಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಎರಡು ದಿನ ದುಗ್ಗಮ್ಮ ಗ್ಯಾಂಗಿನಲ್ಲಿ ಒಂದು ಮಾತೂ ಆಡಲಿಲ್ಲವಂತೆ. ಮಂಗಳವಾರ ನೀರು ತುಂಬುವ ಹಬ್ಬ. ಅವತ್ತು ಬೆಳಗಾಗುತ್ತಲೇ ನಮ್ಮ ಅಂಗಳದಲ್ಲಿ ನಿಂತಿದ್ದಳು, ಕೈಯಲ್ಲಿ ಚೀಲ. "ಮೇಷ್ಟ್ರೇ, ಹೊರಡ್ರಿ. ದ್ವೀಪಕ್ಕೆ ಹೋಗ್ತೀನಿ. ಆ ಬೀಗರ ಎದುರಿಗೆ ಈ ಕಾಗದ ನೀವೇ ಓದ್ಬೇಕು. ಅವ್ವನ್ನ ಬಿಟ್ಟು ಇಲ್ಲಿ ಹಾರ ಹಾಕಿಸ್ಕೊಂಡು ಕೂತಿದಾನೆ ಅಂತ ಅವನ ಬಾಯಲ್ಲೇ ಬರ್ಲಿ."

ಇಪ್ಪತ್ತಮೂರು ವರ್ಷ ದಾಟದ ನೀರನ್ನು ದಾಟುತ್ತೇನೆಂದು ಹೊರಟವಳಿಗೆ ಹಬ್ಬದ ದಿನ ಬೇಡ ಎನ್ನುವ ಧೈರ್ಯ ನನಗಾಗಲಿಲ್ಲ. ವಾಗ್ದೇವಿಯ ಕಣ್ಣು ತಪ್ಪಿಸಿ ಹೊರಟೆ.

ದಾರಿಯುದ್ದಕ್ಕೂ ಅವಳ ಬಾಯಿ ಬಿಚ್ಚಿಕೊಂಡೇ ಇತ್ತು. ನಗರ ಎಂಬ ಊರು ದಾಟಿ ಹೊಸನಗರಕ್ಕೆ ಬಂದು ಸಾಗರದ ಬಸ್ಸು ಹತ್ತಿದೆವು. ಕಂಡಕ್ಟರ್ ಶ್ಯಾಮ ಪರಿಚಯದವನು. "ಏನು ದುಗ್ಗಮ್ಮ, ಹಬ್ಬಕ್ಕೆ ಮಗ ಬಂದ್ನಾ?" ಎಂದು ಕೇಳಿದ.

"ಯಾವ ಮಗ? ನನ್ನ ಪಾಲಿಗೆ ಅವನು ಸತ್ತ" ಎಂದಳು.

ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ. ಸಾಗರದ ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುವಾಗ ಹೋಟೆಲಿನ ಸೀತಾರಾಮಪ್ಪ ಕೇಳಿದ. ಅವನಿಗೂ ಅದೇ, "ಸತ್ತ." ನಾನು ಅಲ್ಲೇ ಪೇಪರು ಕೊಂಡೆ. ಹೊಳೆಬಾಗಿಲಿನ ಬಸ್ಸಿನಲ್ಲಿ ಓದುತ್ತ ಕೂತೆ. ಮೊದಲ ಪುಟದ ತುಂಬ ಲಂಕೆಯ ಸುದ್ದಿ. ಶಾಂತಿ ಕಾಯಲೆಂದು ಹೋದ ನಮ್ಮ ಸೈನ್ಯಕ್ಕೆ ಜಾಫ್ನಾದಲ್ಲಿ ಹತ್ತು ದಿನದಿಂದ ಯುದ್ಧ, ಸತ್ತವರ ಸಂಖ್ಯೆ. ದುಗ್ಗಮ್ಮ ಏನು ಬರೆದಿದ್ದಾರೆ ಎಂದಳು. ನಾನು ಎರಡು ಸಾಲು ಓದಿ ಹೇಳಿದೆ.

"ಯಾರ ಹೆತ್ತ ಮಕ್ಕಳೋ ಪಾಪ" ಎಂದಳು. ಮತ್ತೆ ಮಗನನ್ನು ಬೈಯಲು ಶುರು ಮಾಡಿದಳು.

ಆ ಸುದ್ದಿಯಲ್ಲಿ "ದ್ವೀಪರಾಷ್ಟ್ರ" ಎಂಬ ಮಾತು ಮೂರು ಕಡೆ ಇತ್ತು. ನಾನು ಮೂರನ್ನೂ ಓದಿದೆ. ಮಡಿಚಿ ಚೀಲಕ್ಕೆ ಹಾಕಿದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಲಾಂಚಿನಲ್ಲಿ ಅವಳು ನೀರಿನ ಕಡೆ ಬೆನ್ನು ಹಾಕಿ ಕೂತಳು. ಟಿಕೆಟು ಕೊಡುವ ಹೇರಂಬ ಎನ್ನುವವನು ಹೊಸಬರೆಂದು ಮಾತಾಡಿಸಿದ. ಅವನಿಗೂ ಹೇಳಿದಳು, ಈ ಸಲ ಎದೆ ಬಡಿದುಕೊಂಡು, "ನೀರು ತುಂಬೋ ಹಬ್ಬದ ದಿನ ಹೇಳ್ತಿದೀನಿ, ನನಗೆ ಮಗ ಇಲ್ಲ. ಸತ್ತ." ಒಬ್ಬ ಮುದುಕಿ "ಹಬ್ಬದ ದಿನ ಅಂಥ ಮಾತು ಆಡ್ಬಾರ್ದು ತಂಗಿ" ಎಂದಳು. ದುಗ್ಗಮ್ಮ ಕೇಳಿಸಿಕೊಳ್ಳಲಿಲ್ಲ.

ವಾಸಪ್ಪನ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಎರಡು ಗಂಟೆ. ಶರಾವತಿ ಬಚ್ಚಲ ಹಂಡೆ ತೊಳೆಯುತ್ತಿದ್ದವಳು ಅತ್ತೆಯನ್ನು ಕಂಡು ಓಡಿಬಂದಳು. ಓಡಿಬಂದವಳು ಅತ್ತೆಯ ಮುಖ ನೋಡಲೇ ಇಲ್ಲ. ನಮ್ಮಿಬ್ಬರ ಹಿಂದೆ ದಾರಿಯನ್ನು ನೋಡುತ್ತಿದ್ದಳು.

"ಅತ್ತೆ, ಅವರು ಹಿಂದೆ ಬರ್ತಿದಾರಾ?"

"ಯಾರು?"

"ನಿಮ್ಮ ಮಗ."

"ನನ್ನ ಹತ್ರ ನಾಟಕ ಬೇಡ. ಒಳಗೆ ಅಡಗಿಸಿಟ್ಟಿದೀಯಲ್ಲ, ಕರಿ ಹೊರಗೆ."

ಜಗಲಿಗೆ ಬಂದ ವಾಸಪ್ಪ ಕಕ್ಕಾಬಿಕ್ಕಿಯಾದ. "ಎಂಥ ಮಾತು ದುಗ್ಗಕ್ಕ? ಅಳಿಯ ನಿಮ್ಮನೇಲಿ ಇಲ್ವಾ? ಬಂದಿದಾನೆ, ನೀವೇ ಇಟ್ಕೊಂಡು ಹಬ್ಬಕ್ಕೆ ಕಳಿಸ್ಲಿಲ್ಲ ಅಂತ ನಾವೇ ಬೇಜಾರಲ್ಲಿದೀವಿ."

ದುಗ್ಗಮ್ಮ ಸೊಂಟದಿಂದ ಕಾಗದ ತೆಗೆದು ನನ್ನ ಕೈಗೆ ತುರುಕಿದಳು. ನಾನು ಓದಿದೆ. ಓದಿದ ಹಾಗೆ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸತೊಡಗಿತು. ಜಗಲಿಯ ಬೆಂಚಿನ ಮೇಲೆ ಹೊಸ ಪಂಚೆ, ಅಂಗಿಯ ಬಟ್ಟೆ, ಒಂದು ಟವೆಲು ಇಟ್ಟಿದ್ದರು. ಅಂಗಡಿಯ ಕಾಗದ ಬಿಚ್ಚಿರಲಿಲ್ಲ.

ಶರಾವತಿ ಕಾಗದ ತೆಗೆದುಕೊಂಡಳು. ಒಳಗಿನದನ್ನು ಓದುವ ಮೊದಲು ತಿರುಗಿಸಿ ಹೊರಗಡೆ ನೋಡಿದಳು. ಗಂಡನ ಕಾಗದ ಕಾಯುವವರಿಗೆ ಮೊದಲು ಎಲ್ಲಿ ನೋಡಬೇಕೆಂದು ಗೊತ್ತಿರುತ್ತದೆ.

"ಮೇಷ್ಟ್ರೇ, ಇದಕ್ಕೆ ಸ್ಟ್ಯಾಂಪಿಲ್ಲ. ಇಲ್ಲಿಂದ ಹಾಕಿದ್ರೆ ತುಮರಿ ಸೀಲು ಇರ್ಬೇಕಿತ್ತು. ಇದು ಮಿಲಿಟರಿ ಸೀಲು." ಆಮೇಲೆ ಒಳಗಿನದು ಓದಿದಳು. ತಲೆ ಎತ್ತಿ ಕೇಳಿದಳು, "ಇದು ಯಾವ ದ್ವೀಪ?"

ನಾನು ಚೀಲದಿಂದ ಪೇಪರು ತೆಗೆದೆ. ಬೇರೇನು ಮಾಡಲಿ? ಮೊದಲ ಪುಟ ಅವಳ ಮುಂದೆ ಹಿಡಿದೆ. ಅವಳು ಓದಿಕೊಂಡಳು, ನೆಲದ ಮೇಲೆ ಕೂತುಬಿಟ್ಟಳು. ದುಗ್ಗಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು.

"ಏನು? ಏನಂತೆ? ಎಲ್ಲಿದಾನಂತೆ?"

"ಲಂಕೆಯಲ್ಲಿ ದುಗ್ಗಮ್ಮ" ಎಂದೆ. "ಅದೂ ದ್ವೀಪ. ಊರ ಹೆಸರು ಬರೆಯುವ ಹಾಗಿಲ್ಲ ಮಿಲಿಟರಿಯವರು. ಅದಕ್ಕೇ ಹಾಗೆ ಬರೆದಿದಾನೆ. ತಪ್ಪು ನನ್ನದು."

"ಬಸ್ಸಲ್ಲಿ ಓದಿದ್ರಲ್ಲ, ಆ ಯುದ್ಧನಾ?"

ಹೌದು ಎಂದೆ.

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಬಲಗೈ ಎತ್ತಿ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಒಂದಲ್ಲ, ಎರಡಲ್ಲ. ಜಲ್ಲಿ ಎತ್ತಿದ ಕೈ. ವಾಸಪ್ಪ ಹಿಡಿದುಕೊಳ್ಳುವ ಹೊತ್ತಿಗೆ ತುಟಿ ಒಡೆದಿತ್ತು. "ಎಂಥ ಮಾತು ಅಂದೆ ಮೇಷ್ಟ್ರೇ, ಈ ಹಾಳು ಬಾಯಲ್ಲಿ ಎಂಥ ಮಾತು ಅಂದೆ" ಎಂದು ಅದನ್ನೇ ಹೇಳುತ್ತಿದ್ದಳು. ಯುದ್ಧವನ್ನು ಅವಳು ಆಮೇಲೆ ಯಾವಾಗಲೋ ಅರ್ಥ ಮಾಡಿಕೊಂಡಿರಬೇಕು. ಅವತ್ತು ಅವಳನ್ನು ತಿಂದದ್ದು ಆ ಒಂದು ಮಾತು. ಹೆತ್ತ ತಾಯಿ, ಹಬ್ಬದ ದಿನ, ನೀರಿನ ಮೇಲೆ ಕೂತು, ಮಗ ಸತ್ತ ಎಂದಿದ್ದಾಳೆ. ಅದು ತಟ್ಟದೆ ಇರುತ್ತದೆಯೇ ಎಂಬುದು ಅವಳ ಭಯ.

ನಾನು ಕೊನೆಯ ಲಾಂಚಿಗೆ ಹಿಂದೆ ಬಂದೆ. ಅವಳನ್ನು ಶರಾವತಿ ಬಿಡಲಿಲ್ಲ. ಅಲ್ಲಿ ನಡೆದದ್ದನ್ನು ಆ ಹುಡುಗಿಯೇ ನನಗೆ ಆಮೇಲೆ ಹೇಳಿದ್ದು. ಪಾಡ್ಯದ ದಿನ ಹಿರಿಯರಿಗೆ ಎಡೆ ಇಟ್ಟ ಮೇಲೆ ವಾಸಪ್ಪನ ಹೆಂಡತಿ ಅಳಿಯನ ಹೆಸರಿನಲ್ಲೂ ಒಂದು ಎಲೆ ಹಾಕಲು ಹೋದಳಂತೆ, ಪ್ರೀತಿಯಿಂದಲೇ. ದುಗ್ಗಮ್ಮ ಎಲೆಯನ್ನು ಕಿತ್ತುಕೊಂಡಳಂತೆ. "ಇಲ್ಲದೋರಿಗೆ ಇಡೋದು ಎಡೆ. ನನ್ನ ಮಗ ಇದಾನೆ." ಹೊಸ ಪಂಚೆಯನ್ನೂ ಯಾರೂ ಮುಟ್ಟಬಾರದು ಎಂದು ಟ್ರಂಕಿನಲ್ಲಿ ಹಾಕಿಸಿದಳಂತೆ. ಹೋಳಿಗೆ ಬಡಿಸಿದರೆ ಒಂದು ತುಂಡೂ ತಿನ್ನಲಿಲ್ಲ. ಶರಾವತಿಯೂ ತಿನ್ನಲಿಲ್ಲ. ಅತ್ತೆ ಸೊಸೆ ಒಂದೇ ಚಾಪೆಯಲ್ಲಿ ಮಲಗಿದರು. ಮದುವೆಯಾಗಿ ಐದು ತಿಂಗಳಿನಲ್ಲಿ ಅವರಿಬ್ಬರೂ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

ಹಿಂದೆ ಬರುವಾಗ ದುಗ್ಗಮ್ಮ ಒಂದು ಕೆಲಸ ಹಚ್ಚಿಕೊಂಡಳು. ಆ ಮಾತನ್ನು ಯಾರು ಯಾರು ಕೇಳಿದ್ದರೋ ಅವರೆಲ್ಲರ ಹತ್ತಿರ ಹೋಗಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಲಾಂಚಿನ ಹೇರಂಬ ಮೊದಲನೆಯವನು.

"ಅವತ್ತು ನಾ ಒಂದು ಮಾತು ಅಂದಿದ್ನಲ್ಲ, ಅದು ವಾಪಸ್ಸು ತಗೊಂಡಿದೀನಿ. ನೀನು ಕೇಳಿಲ್ಲ ಅನ್ನು."

"ಯಾವ ಮಾತು ಅಮ್ಮ? ನಂಗೆ ನೆನಪೇ ಇಲ್ಲ" ಎಂದನಂತೆ ಅವನು.

ಅವನು ಒಳ್ಳೆಯದಕ್ಕೇ ಅಂದಿರಬಹುದು, ಇಲ್ಲವೇ ನಿಜವಾಗಿಯೂ ಮರೆತಿರಬಹುದು. ದುಗ್ಗಮ್ಮನಿಗೆ ಪೀಕಲಾಟವಾಯಿತು. ನೆನಪು ಮಾಡಿಸಬೇಕಾದರೆ ಆ ಮಾತನ್ನು ಮತ್ತೊಮ್ಮೆ ಆಡಬೇಕು. ಆಡುವ ಹಾಗಿಲ್ಲ. "ಮಗನ ವಿಷಯ, ಮಗನ ವಿಷಯ" ಎಂದು ಕೈ ಸನ್ನೆ ಮಾಡಿ, ಅವನು ಹ್ಞೂಂ ಎನ್ನುವವರೆಗೆ ಲಾಂಚಿನಿಂದ ಇಳಿಯಲಿಲ್ಲವಂತೆ. ಸಾಗರದಲ್ಲಿ ಸೀತಾರಾಮಪ್ಪನ ಹೋಟೆಲಿಗೆ ಹೋದಳು. ಕಂಡಕ್ಟರ್ ಶ್ಯಾಮನಿಗಾಗಿ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಕಾದಳು. ಲಾಂಚಿನ ಮುದುಕಿ ಬ್ಯಾಕೋಡಿನವಳೆಂದು ಪತ್ತೆ ಮಾಡಿ ಒಂದು ತಿಂಗಳ ಮೇಲೆ ಅದಕ್ಕೆಂದೇ ಮತ್ತೆ ನೀರು ದಾಟಿ ಹೋಗಿಬಂದಳು. ನನ್ನ ಹತ್ತಿರ ಮೂರು ಸಲ ಬಂದಳು. ಮೂರು ಸಲವೂ ನಾನು "ಕೇಳಿಲ್ಲ ದುಗ್ಗಮ್ಮ" ಎಂದೆ. ಬಸ್ಸಿನಲ್ಲಿದ್ದವರೆಲ್ಲ ಯಾರೆಂದು ಗೊತ್ತಿಲ್ಲವಲ್ಲ ಎಂಬುದೇ ಅವಳ ಕೊರಗು.

ಆಮೇಲೆ ಕಾಗದವಿಲ್ಲ. ನವೆಂಬರು ಪೂರ್ತಿ ಅವಳು ಮಧ್ಯಾಹ್ನ ಬಂದು ಜಗಲಿಯಲ್ಲಿ ಕೂತು ಎದ್ದು ಹೋಗುತ್ತಿದ್ದಳು. ಬಸ್ಸಿನ ಡ್ರೈವರುಗಳಿಗೆ ಬೈಯುವುದು ನಿಲ್ಲಿಸಿದಳು. ತಿರುವಿನಲ್ಲಿ ಬಸ್ಸು ಎಷ್ಟು ಜೋರಾಗಿ ಬಂದರೂ ಬದಿಗೆ ಸರಿದು ನಿಲ್ಲುತ್ತಿದ್ದಳು. ಮೊದಮೊದಲು ಡ್ರೈವರುಗಳಿಗೆ ಖುಷಿಯಾಯಿತು, ಆಮೇಲೆ ಅವರೇ ಗಾಡಿ ನಿಲ್ಲಿಸಿ "ಮಗನ ಕಾಗದ ಬಂತಾ ಅಮ್ಮ?" ಎಂದು ಕೇಳಿಕೊಂಡು ಹೋಗುವ ಹಾಗಾಯಿತು.

ಡಿಸೆಂಬರ್ ಒಂಬತ್ತಕ್ಕೆ ಬಂತು. "ನಾನು ಕ್ಷೇಮ. ನೀನೂ ಕ್ಷೇಮ ಎಂದು ನಂಬಿದ್ದೇನೆ." ಅವತ್ತು ಆರು ಸಲ ಓದಿದೆ. ಹೊರಗಿನ ಸೀಲನ್ನೂ ಓದಿದೆ.

ಮರುವರ್ಷ ಮೇ ತಿಂಗಳಲ್ಲಿ ಧರ್ಮಪ್ಪ ರಜೆಗೆ ಬಂದ. ಕೈಕಾಲು ನೆಟ್ಟಗಿತ್ತು. ತೂಕ ಇಳಿದಿತ್ತು, ಮಾತು ಇನ್ನೂ ಕಮ್ಮಿಯಾಗಿತ್ತು. ಶರಾವತಿ ಟ್ರಂಕಿನಿಂದ ಪಂಚೆ ತೆಗೆದು ಉಡಿಸಿದಳು. ದುಗ್ಗಮ್ಮ ಮೇ ತಿಂಗಳಿನಲ್ಲೇ ಹಂಡೆಗೆ ಹೂವು ಸುತ್ತಿ, ನೀರು ತುಂಬಿ, ಎಣ್ಣೆ ಹಚ್ಚಿ ಮಗನಿಗೆ ದೀಪಾವಳಿ ಮಾಡಿದಳು. ಮಾರನೇ ದಿನ ನನ್ನನ್ನು ಕರೆಸಿದಳು.

"ಇವತ್ತು ಅವನಿಗೆ ಹೇಳ್ತೀನಿ. ನೀವು ಕೇಳಿದೋರು, ನೀವಿರ್ಬೇಕು."

ಬೇಡ ಎಂದೆ. ಶರಾವತಿಯೂ "ಬಿಡಿ ಅತ್ತೆ, ಬಂದಿದಾರಲ್ಲ" ಎಂದಳು. ಕೇಳುವ ಹೆಂಗಸೇ ಅವಳು? ಊಟವಾಗಿ ಅವನು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಎದುರಿಗೆ ಕೂತು ಹೇಳಿಬಿಟ್ಟಳು. ಕಾಗದದ್ದು, ದ್ವೀಪದ್ದು, ನನ್ನ ದಡ್ಡತನದ್ದು, ಬಸ್ಸಿನದು, ಲಾಂಚಿನದು. ಏಳು ತಿಂಗಳಿನಿಂದ ಆಡದೆ ಇಟ್ಟುಕೊಂಡ ಆ ಮಾತನ್ನೂ ಒಂದೇ ಸಲ ಆಡಿದಳು. "ಸತ್ತ ಅಂದಿದ್ದೆ ಕಣಾ ನಿನ್ನ. ಹೆತ್ತ ಬಾಯಲ್ಲಿ."

ಧರ್ಮಪ್ಪ ಅಡಿಕೆ ಹೋಳನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ, "ಯಾವತ್ತು?"

"ಮಂಗಳವಾರ. ನೀರು ತುಂಬೋ ಹಬ್ಬದ ದಿನ."

ಅವನು ಬೆರಳು ಮಡಚಿ ತಾರೀಕು ಎಣಿಸಿದ. ಅಡಿಕೆ ಹೋಳನ್ನು ತಟ್ಟೆಗೆ ವಾಪಸ್ಸು ಇಟ್ಟ.

"ಅವತ್ತು ಬೆಳಿಗ್ಗೆ ನಮ್ಮ ಸೆಕ್ಷನ್ನಲ್ಲಿ ಹತ್ತು ಜನ ಇದ್ವಿ ಅವ್ವ. ಸಂಜೆಗೆ ನಾಲ್ಕು ಜನ ಉಳಿದ್ವಿ" ಎಂದ. "ಆ ಆರು ಜನರ ಅವ್ವಂದಿರು ಯಾರೂ ಹಂಗೆ ಅಂದಿರ್ಲಿಲ್ಲ."

ದುಗ್ಗಮ್ಮ ಅವನ ತಲೆಯನ್ನು ಹಿಡಿದುಕೊಂಡು ಜೋರಾಗಿ ಅತ್ತಳು. ಅತ್ತು ಮುಗಿದ ಮೇಲೆ ಆ ಆರು ಜನ ಯಾರು ಯಾರು, ಯಾವ ಊರಿನವರು ಎಂದು ಒಬ್ಬೊಬ್ಬರನ್ನಾಗಿ ಕೇಳಿದಳು. ಅವನು ಹೇಳಿದ. ಅವರ ಅವ್ವಂದಿರ ಹೆಸರು ಕೇಳಿದಳು. ಅದು ಅವನಿಗೆ ಗೊತ್ತಿರಲಿಲ್ಲ.